ಪರೀಕ್ಷೆಗೆ ಬಾರದ ಪ್ರಶ್ನೆ

ಕಳೆದ ವರ್ಷದ ಸಂಕ್ರಾಂತಿ ಹಬ್ಬದ ಹಿಂದಿನ ಸಂಜೆ. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜಿ ಜಗುಲಿಯ ಮೇಲೆ ಕುಳಿತು ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಎಂಟನೇ ತರಗತಿಯ ನನ್ನ ತಂಗಿ ಭೂಪಟದ ಪುಸ್ತಕ ಹಿಡಿದು ಕುಳಿತಿದ್ದಳು. ನಾನು ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿದ್ದೆ.

‘ನಾಳೆಯಿಂದ ಉತ್ತರಾಯಣ, ಸೂರ್ಯ ದಿಕ್ಕು ಬದಲಿಸ್ತಾನೆ’ ಎಂದರು ಅಜ್ಜಿ.

ತಂಗಿ ತಲೆಯೆತ್ತಿ, ‘ಅವನು ಡಿಸೆಂಬರ್ 22ಕ್ಕೇ ತಿರುಗಿಬಿಟ್ಟ ಅಂತ ಪಾಠದಲ್ಲಿ ಇದೆಯಲ್ಲ ಅಜ್ಜಿ?’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಅಣ್ಣ, ಸೂರ್ಯ ಮಕರ ಸಂಕ್ರಾಂತಿ ವೃತ್ತದ ಮೇಲೆ ಬರೋದು ಡಿಸೆಂಬರ್‌ನಲ್ಲಿ. ಹಾಗಿದ್ರೆ ಮಕರ ಸಂಕ್ರಾಂತಿ ಹಬ್ಬ ಜನವರಿಯಲ್ಲಿ ಯಾಕೆ?’ ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಗತ್ತು ಬಿಡಲಿಲ್ಲ. ‘ಪರೀಕ್ಷೆಯಲ್ಲಿ ಡಿಸೆಂಬರ್ 22 ಅಂತ ಬರಿ. ಅಜ್ಜಿ ಹೇಳಿದ್ರೆ ಹೂಂ ಅನ್ನು. ಯಾಕೆ ಅನ್ನೋದು ಪರೀಕ್ಷೆಗೆ ಬರಲ್ಲ, ಬಿಡು’ ಎಂದೆ.

ಅವಳು ಬಿಟ್ಟುಬಿಟ್ಟಳು. ಆ ರಜೆಯಲ್ಲಿ ನನ್ನನ್ನು ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹಾಸ್ಟೆಲ್‌ಗೆ ವಾಪಸ್ ಬರುವ ಬಸ್ಸಿನಲ್ಲಿ ನನ್ನ ಆ ಮಾತು ನೆನಪಾಗಿ ಕಸಿವಿಸಿಯಾಯಿತು. ಅದು ನನ್ನದೇ ಮಾತಾಗಿರಲಿಲ್ಲ. ಪಿಯುಸಿಯಲ್ಲಿದ್ದಾಗ ನಾನು ಏನಾದರೂ ಕೇಳಲು ಎದ್ದು ನಿಂತರೆ ಬರುತ್ತಿದ್ದ ಉತ್ತರವೂ ಇದೇ: ‘ಸಿಇಟಿಗೆ ಬರಲ್ಲ, ಕೂತ್ಕೋ.’ ಎರಡು ವರ್ಷ ಕೇಳಿ ಕೇಳಿ ಏಳುವುದನ್ನೇ ಬಿಟ್ಟೆ. ರ‍್ಯಾಂಕ್ ಬಂತು, ಸೀಟು ಸಿಕ್ಕಿತು. ಈಗ ಅದೇ ಮಾತನ್ನು ಹದಿಮೂರು ವರ್ಷದ ಹುಡುಗಿಗೆ ದಾಟಿಸಿ ಬಂದಿದ್ದೆ. ಅದರ ಜೊತೆಗೆ ಇನ್ನೊಂದನ್ನೂ ಕಲಿಸಿದ್ದೆ. ಶಾಲೆಗೊಂದು ಸತ್ಯ, ಮನೆಗೊಂದು ಸತ್ಯ ಇಟ್ಟುಕೋ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಡ ಎಂದು.

ಆ ವಾರ ನಮ್ಮ ಕಾಲೇಜಿನಲ್ಲಿ ಯುವ ದಿನದ ಕಾರ್ಯಕ್ರಮ ಇತ್ತು. ಜನವರಿ 12 ಸ್ವಾಮಿ ವಿವೇಕಾನಂದರ ಜನ್ಮದಿನ, ಅದನ್ನೇ ನಾವು ರಾಷ್ಟ್ರೀಯ ಯುವ ದಿನವಾಗಿ ಆಚರಿಸುತ್ತೇವೆ. ಭಾಷಣ ಮಾಡಿದವರೊಬ್ಬರು ಮಾತಿನ ನಡುವೆ, ‘1863ರ ಜನವರಿ 12ರಂದು, ಮಕರ ಸಂಕ್ರಾಂತಿಯ ದಿನ ಅವರು ಹುಟ್ಟಿದರು’ ಎಂದರು. ಹಿಂದಿನ ಬೆಂಚಿನಲ್ಲಿ ನಿದ್ದೆಗೆ ಜಾರುತ್ತಿದ್ದ ನಾನು ಎಚ್ಚರವಾದೆ. ನಾವು ಹಬ್ಬ ಮಾಡುವುದು 14ಕ್ಕೆ ಅಥವಾ 15ಕ್ಕೆ. ಆಗ 12ಕ್ಕೆ ಹೇಗಿತ್ತು? ಸುಮಾರು 160 ವರ್ಷಗಳಲ್ಲಿ ಹಬ್ಬ ಎರಡು ದಿನ ಮುಂದಕ್ಕೆ ಸರಿದಿದೆಯೇ? ಪಕ್ಕದವನನ್ನು ಕೇಳಿದೆ. ‘ಅದನ್ನು ತಿಳ್ಕೊಂಡು ನಿನಗೇನಾಗಬೇಕು?’ ಎಂದ. ತಂಗಿಗೆ ನಾನು ಹೇಳಿದ್ದಕ್ಕೂ ಅವನ ಮಾತಿಗೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ.

ಉತ್ತರದ ದಾರಿ ಸಿಕ್ಕಿದ್ದು ಐದನೇ ಸೆಮಿಸ್ಟರ್‌ನಲ್ಲಿ, ಜೈರೋಸ್ಕೋಪ್ ಪಾಠದ ದಿನ. ನಾನು ಓದುತ್ತಿರುವುದು ಮೆಕ್ಯಾನಿಕಲ್. ವೇಗವಾಗಿ ಸುತ್ತುವ ಚಕ್ರದ ಅಕ್ಷವನ್ನು ವಾಲಿಸಲು ಹೋದರೆ ಅದು ವಾಲುವ ಬದಲು ತಾನೇ ನಿಧಾನವಾಗಿ ವೃತ್ತಾಕಾರದಲ್ಲಿ ತಿರುಗುತ್ತದೆ. ಇದಕ್ಕೆ ಪ್ರಿಸೆಶನ್ ಎನ್ನುತ್ತಾರೆ. ಹಡಗಿನ ಟರ್ಬೈನ್, ವಿಮಾನದ ಪ್ರೊಪೆಲ್ಲರ್ ಮೇಲಿನ ಲೆಕ್ಕಗಳನ್ನು ಪುಟಗಟ್ಟಲೆ ಬಿಡಿಸಿದೆವು. ಅಂದು ಮೇಷ್ಟ್ರು ಉದಾಹರಣೆಗೆಂದು ಬುಗುರಿಯ ಹೆಸರು ಹೇಳಿ, ‘ಭೂಮಿಯೂ ಹೀಗೆಯೇ’ ಎಂದು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋದರು. ನಾನು ಮುಂದೆ ಹೋಗಲಿಲ್ಲ. ಆ ಸಂಜೆ ಗ್ರಂಥಾಲಯದಲ್ಲಿ ಕುಳಿತೆ.

ನನಗೆ ಅರ್ಥವಾದದ್ದು ಇಷ್ಟು. ಸುತ್ತುತ್ತಾ ಸುಸ್ತಾದ ಬುಗುರಿ ತಲೆ ತೂಗುವ ಹಾಗೆ ಭೂಮಿಯ ಅಕ್ಷವೂ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಸೂರ್ಯ-ಚಂದ್ರರ ಸೆಳೆತ ಭೂಮಿಯ ಉಬ್ಬಿದ ನಡುಭಾಗದ ಮೇಲೆ ಬೀಳುವುದೇ ಇದಕ್ಕೆ ಕಾರಣ. ಇದರಿಂದಾಗಿ ವರ್ಷವನ್ನು ಅಳೆಯುವ ಎರಡು ರೀತಿಗಳು ಒಂದಕ್ಕೊಂದು ಹೊಂದುವುದಿಲ್ಲ. ಸೂರ್ಯ ದಕ್ಷಿಣದ ತುದಿ ಮುಟ್ಟಿ ಮತ್ತೆ ಅದೇ ತುದಿಗೆ ಬರುವುದು ಋತುಗಳ ವರ್ಷ. ನಮ್ಮ ಗೋಡೆಯ ಕ್ಯಾಲೆಂಡರ್ ಇದನ್ನು ಅನುಸರಿಸುತ್ತದೆ. ಸೂರ್ಯ ಒಂದು ನಕ್ಷತ್ರದ ಬಳಿಯಿಂದ ಹೊರಟು ಮತ್ತೆ ಅದೇ ನಕ್ಷತ್ರದ ಬಳಿಗೆ ಬರುವಂತೆ ಕಾಣುವುದು ನಕ್ಷತ್ರಗಳ ವರ್ಷ. ಸಂಕ್ರಾಂತಿಯನ್ನು, ಅಂದರೆ ಮಕರ ರಾಶಿಯ ಪ್ರವೇಶವನ್ನು, ನಮ್ಮ ಪಂಚಾಂಗಗಳು ಲೆಕ್ಕ ಹಾಕುವುದು ಇದರ ಮೇಲೆ. ಎರಡನೆಯದು ಮೊದಲನೆಯದಕ್ಕಿಂತ ಸುಮಾರು 20 ನಿಮಿಷ ದೊಡ್ಡದು.

ವರ್ಷಕ್ಕೆ 20 ನಿಮಿಷ ಎಂದರೆ 72 ವರ್ಷಕ್ಕೆ 1,440 ನಿಮಿಷ, ಸರಿಯಾಗಿ ಒಂದು ದಿನ. ಹಾಗಾಗಿ 1863ರಲ್ಲಿ 12ಕ್ಕೆ ಇದ್ದ ಹಬ್ಬ ಈಗ 14ರ ಆಚೀಚೆ ಬರುತ್ತಿದೆ. ಲೆಕ್ಕವನ್ನು ಹಿಂದಕ್ಕೆ ತೆಗೆದುಕೊಂಡು ಹೋಗೋಣ. ಸೂರ್ಯ ತಿರುಗುವ ದಿನಕ್ಕೂ ಹಬ್ಬಕ್ಕೂ ಈಗ ಸುಮಾರು 24 ದಿನಗಳ ಅಂತರ. ಒಂದು ದಿನಕ್ಕೆ 72 ವರ್ಷದಂತೆ ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಆಗ ಉತ್ತರಾಯಣವೂ ಮಕರ ಸಂಕ್ರಾಂತಿಯೂ ನಿಜವಾಗಿಯೂ ಒಂದೇ ಆಗಿದ್ದವು. ಸೂರ್ಯ ಡಿಸೆಂಬರ್‌ನಲ್ಲಿ ಮುಟ್ಟುವ ರೇಖೆಗೆ ‘ಮಕರ’ದ ಹೆಸರು ಇರುವುದೂ ಹಳೆಯ ಕಾಲದ ಆಕಾಶದ ಗುರುತೇ. ಇಂದು ಆ ದಿನ ಸೂರ್ಯ ಇರುವುದು ಧನು ರಾಶಿಯಲ್ಲಿ. ಅದಕ್ಕೇ ಡಿಸೆಂಬರ್ ಕೊನೆಯಲ್ಲಿ ನಮ್ಮೂರ ದೇವಸ್ಥಾನದಲ್ಲಿ ಧನುರ್ಮಾಸದ ಪೂಜೆ ನಡೆಯುತ್ತಿರುತ್ತದೆ.

ಅಂದರೆ ತಂಗಿಯ ಪುಸ್ತಕವೂ ಸುಳ್ಳು ಹೇಳಿರಲಿಲ್ಲ, ಅಜ್ಜಿಯೂ ಸುಳ್ಳು ಹೇಳಿರಲಿಲ್ಲ. ಒಂದು ಕಾಲದಲ್ಲಿ ಜೊತೆಗಿದ್ದ ಎರಡು ಘಟನೆಗಳು ದೂರವಾಗಿದ್ದವು, ನಾವು ಮಾತ್ರ ಇನ್ನೂ ಎರಡಕ್ಕೂ ಒಂದೇ ದಿನ ಇಟ್ಟುಕೊಂಡಿದ್ದೆವು.

ಓದಿದ್ದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಡಿಸೆಂಬರ್‌ನಲ್ಲಿ ಪರೀಕ್ಷೆಯ ತಯಾರಿಯ ನಡುವೆಯೇ ಬೆಂಗಳೂರಿನ ನಮ್ಮ ಹಾಸ್ಟೆಲ್ ತಾರಸಿಯಲ್ಲಿ ಒಂದು ಮೀಟರ್ ಉದ್ದದ ಪೈಪಿನ ತುಂಡು ನಿಲ್ಲಿಸಿದೆ. ದಾರಕ್ಕೆ ನಟ್ ಕಟ್ಟಿ ಅದು ನೆಟ್ಟಗಿದೆಯೇ ಎಂದು ನೋಡಿದೆ. ಮಧ್ಯಾಹ್ನ ಸೀಮೆಸುಣ್ಣದಲ್ಲಿ ನೆರಳಿನ ತುದಿ ಗುರುತಿಸಿ, ಅತಿ ಚಿಕ್ಕ ನೆರಳನ್ನು ಅಳೆದೆ. ನೆರಳು ಅತಿ ಚಿಕ್ಕದಾಗುವುದು ಸರಿಯಾಗಿ 12 ಗಂಟೆಗೆ ಅಲ್ಲ, ಕೆಲವು ನಿಮಿಷಗಳ ನಂತರ ಎಂಬುದು ಮೊದಲ ದಿನವೇ ಗೊತ್ತಾಯಿತು. ನಮ್ಮ ಗಡಿಯಾರಗಳು ನಡೆಯುವುದು ಬೆಂಗಳೂರಿನ ಸೂರ್ಯನ ಲೆಕ್ಕದಲ್ಲಲ್ಲ, ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ.

ಡಿಸೆಂಬರ್ 1ರಂದು ನೆರಳು 69 ಸೆಂಟಿಮೀಟರ್ ಇತ್ತು. 21ರಂದು 74. ಅದರ ಹಿಂದೆ-ಮುಂದಿನ ನಾಲ್ಕೈದು ದಿನ ನೆರಳು ಅಲ್ಲಾಡದೆ ನಿಂತಂತೆ ಕಂಡಿತು. ಆಮೇಲೆ ಕುಗ್ಗತೊಡಗಿ ಜನವರಿ 10ಕ್ಕೆ 70 ಆಯಿತು. ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಸೂರ್ಯ ತಿರುಗಿ ಬಹಳ ದಿನವಾಗಿತ್ತು. ತಾರಸಿಗೆ ಬಟ್ಟೆ ಒಣಗಿಸಲು ಬರುತ್ತಿದ್ದ ಗೆಳೆಯರು ಮೊದಲು ನಕ್ಕರು. ಕೊನೆಯ ವಾರ ಅವರಲ್ಲಿ ಇಬ್ಬರು ‘ಇವತ್ತು ಎಷ್ಟಾಯ್ತೋ?’ ಎಂದು ಕೇಳಲು ಶುರು ಮಾಡಿದ್ದರು.

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ಸಂಕ್ರಾಂತಿಗೂ ಒಂದು ಜಗಳ ಇರುತ್ತದೆ. ಹಿರಿಯರೊಬ್ಬರು ‘ನಮ್ಮ ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು’ ಎಂಬ ಸಂದೇಶ ಹಾಕುತ್ತಾರೆ. ಕೆಲಸದಲ್ಲಿರುವ ಅಣ್ಣನೊಬ್ಬ ‘ಇದೆಲ್ಲ ಮೂಢನಂಬಿಕೆ, ಸೂರ್ಯ ತಿರುಗಿ ತಿಂಗಳಾಯ್ತು’ ಎಂದು ಉತ್ತರಿಸುತ್ತಾನೆ. ಇಬ್ಬರೂ ಒಂದು ಕೋಲು ನೆಟ್ಟು ನೋಡಿದವರಲ್ಲ. ಪೂರ್ವಜರ ವಿಷಯಕ್ಕೆ ಬಂದರೆ, ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಈ ಪ್ರಶ್ನೆಯನ್ನೇ ಎತ್ತಿದ್ದಾನೆ. ಹಳೆಯ ಶಾಸ್ತ್ರಗಳಲ್ಲಿ ಉತ್ತರಾಯಣದ ಆರಂಭ ಧನಿಷ್ಠಾ ನಕ್ಷತ್ರದಲ್ಲಿ ಎಂದಿದೆ, ಈಗ ಅದು ಮಕರದ ಆರಂಭದಲ್ಲಿ ಆಗುತ್ತಿದೆ ಎನ್ನುತ್ತಾನೆ. ಇದು ಬದಲಾದರೆ ಪ್ರತ್ಯಕ್ಷವಾಗಿ ಪರೀಕ್ಷಿಸಿ ತಿಳಿಯಬೇಕು ಎಂದೂ ಹೇಳುತ್ತಾನೆ. ಅವನು ಸೂಚಿಸುವ ವಿಧಾನಗಳಲ್ಲಿ ಒಂದು ನೆರಳಿನ ಗುರುತು ಹಾಕಿ ನೋಡುವುದು. ಇದನ್ನು ಓದಿದಾಗ ನನ್ನ ಪೈಪಿನ ತುಂಡಿನ ಮೇಲೆ ಗೌರವ ಹೆಚ್ಚಿತು. ಅವನಿಗೆ ಎಲ್ಲವೂ ಗೊತ್ತಿತ್ತು ಎಂದು ಕೈಮುಗಿದು ಸುಮ್ಮನಾದರೆ ಅವನು ಹೇಳಿದ ಕೆಲಸ ಮಾಡಿದಂತಾಗುವುದಿಲ್ಲ. ಎಲ್ಲವೂ ಮೂಢನಂಬಿಕೆ ಎಂದು ತಳ್ಳಿದರೆ ಅವನು ಅಂದು ಅಳೆದು ನೋಡಿದ್ದನ್ನೇ ತಳ್ಳಿದಂತಾಗುತ್ತದೆ.

ಈ ಪುಟ ಓದುವ ನನ್ನಂಥವರಿಗೆ ಒಂದು ಅನುಮಾನ ಬರುವುದು ಸಹಜ. ಇದರಿಂದ ಕೆಲಸ ಸಿಗುತ್ತದೆಯೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಗೊತ್ತಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನಕ್ಕೆ ‘ಉತ್ತರಾಯಣ ಆರಂಭ: ಡಿಸೆಂಬರ್ 22’ ಎಂಬ ಒಂದು ಸಾಲು ಸಾಕು. ಕ್ಯಾಂಪಸ್ ಸಂದರ್ಶನದಲ್ಲಿ ನೆರಳಿನ ಉದ್ದ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿರುವಾಗ ಎಲ್ಲ ಬಿಟ್ಟು ಆಕಾಶ ನೋಡಿ ಎಂದು ಹೇಳುವ ಧೈರ್ಯ ನನಗೂ ಇಲ್ಲ, ನಮ್ಮ ಮನೆಯಲ್ಲೂ ಸಾಲ ಇದೆ. ಆದರೆ ಜೈರೋಸ್ಕೋಪ್ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು, ಅದೇ ಲೆಕ್ಕ ನನ್ನ ಕಾಲ ಕೆಳಗಿನ ಭೂಮಿಗೆ ಅನ್ವಯಿಸುತ್ತದೆ ಎಂದು ಆ ಒಂದು ಸಾಲು ಕೇಳುವವರೆಗೆ ಹೊಳೆದಿರಲಿಲ್ಲ. ಅಂಥ ಅಂಕವನ್ನು ನಂಬಿ ನಾಳೆ ನಾನು ಯಾವ ಯಂತ್ರ ಕಟ್ಟಲಿ ಎಂಬ ಭಯ ನನಗೆ ಈಗ ಇದೆ. ದಿನಕ್ಕೆ ಅರ್ಧ ಗಂಟೆ, ಒಂದು ಪೈಪು, ಒಂದು ಟೇಪು. ರೀಲ್ಸ್ ನೋಡುವ ಸಮಯದಲ್ಲಿ ಇದನ್ನು ಕಡಿತ ಮಾಡಿಕೊಂಡರೆ ಯಾರ ಓದೂ ಕೆಡುವುದಿಲ್ಲ.

ಈ ಸಂಕ್ರಾಂತಿಗೆ ಊರಿಗೆ ಹೋದಾಗ ಪೈಪನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಮೊದಲು ತಂಗಿಗೆ, ‘ಹೋದ ವರ್ಷ ನೀನು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಹಾಗೆ ಹೇಳಿದೆ’ ಎಂದೆ. ಅವಳು ಏನೂ ಹೇಳಲಿಲ್ಲ. ಹಬ್ಬದ ಮಧ್ಯಾಹ್ನ ಅಂಗಳದಲ್ಲಿ ಅವಳೇ ಟೇಪು ಹಿಡಿದಳು. 69 ಸೆಂಟಿಮೀಟರ್. ನನ್ನ ಪಟ್ಟಿಯ ಪಕ್ಕದಲ್ಲಿ ಬರೆದುಕೊಂಡಳು. ಅಜ್ಜಿ ಜಗುಲಿಯಿಂದಲೇ ಎಲ್ಲ ಕೇಳಿಸಿಕೊಂಡು, ‘ಹಂಗಾದ್ರೆ ಹಬ್ಬ ಇನ್ನೂ ಮುಂದಕ್ಕೆ ಹೋಗುತ್ತೇನೋ?’ ಎಂದರು. ‘ಹೋಗುತ್ತೆ ಅಜ್ಜಿ, ಹೀಗೇ ಲೆಕ್ಕ ಹಾಕಿದ್ರೆ ಇನ್ನೊಂದು ಸಾವಿರದ ಮುನ್ನೂರು ವರ್ಷಕ್ಕೆ ಫೆಬ್ರುವರಿಗೆ ಹೋಗುತ್ತೆ’ ಎಂದೆ. ‘ಅಲ್ಲಿವರೆಗೆ ಇವತ್ತೇ ಮಾಡೋಣ’ ಎಂದು ಎಳ್ಳಿನ ತಟ್ಟೆ ಮುಂದಿಟ್ಟರು.

ಸಂಜೆ ಟಿವಿಯಲ್ಲಿ ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನ ತೋರಿಸುತ್ತಿದ್ದರು. ಸಂಕ್ರಾಂತಿಯ ಸಂಜೆ ಅಲ್ಲಿ ಸೂರ್ಯನ ಬೆಳಕು ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ತಂಗಿ ಟಿವಿ ನೋಡಿದಳು, ಪಟ್ಟಿ ನೋಡಿದಳು. ‘ಅಣ್ಣ, ಡಿಸೆಂಬರ್ 21ಕ್ಕೆ 24 ದಿನ ಮುಂಚೆಯೂ ಸೂರ್ಯ ಇದೇ ಜಾಗದಲ್ಲಿ ಇರ್ತಾನಲ್ಲ? ಹಾಗಿದ್ರೆ ನವೆಂಬರ್ ಕೊನೆಯಲ್ಲೂ ಬೆಳಕು ಬೀಳಬೇಕಲ್ವಾ?’ ಎಂದಳು.

ಒಂದು ವರ್ಷದ ನಂತರ ಅವಳು ನನ್ನನ್ನು ಕೇಳಿದ ಪ್ರಶ್ನೆ ಅದು. ಅವಳ ಊಹೆ ಸರಿಯಾಗಿತ್ತು. ಬೆಂಗಳೂರಿನ ಸಂಶೋಧಕರು ಇದನ್ನು ಗಮನಿಸಿ ಬರೆದೂ ಇದ್ದಾರೆ ಎಂದು ಆಮೇಲೆ ಹುಡುಕಿದಾಗ ತಿಳಿಯಿತು. ಆದರೆ ಆ ಸಂಜೆ ನಾನು ಹೇಳಿದ್ದು ಇಷ್ಟೇ: ‘ನನಗೆ ಗೊತ್ತಿಲ್ಲ. ನವೆಂಬರ್‌ನಲ್ಲಿ ಬೆಂಗಳೂರಿಗೆ ಬಾ, ಹೋಗಿ ನೋಡೋಣ.’