ನಾಸಿಕದ ಕಣಗಳೂ ಮಿದುಳಿನ ಊನವೂ

ಕೊಯ್ದ ಚರ್ಮವು ಕೂಡಿಕೊಳ್ಳುವುದು. ಮುರಿದ ಎಲುಬು ಬೆಸೆದುಕೊಳ್ಳುವುದು. ಮಿದುಳಿನ ನರಕೋಶಗಳಾದರೋ ಒಮ್ಮೆ ನಶಿಸಿದರೆ ಬಹುಮಟ್ಟಿಗೆ ಮರಳಿ ಹುಟ್ಟಲಾರವು. ಪಾರ್ಕಿನ್ಸನ್ ರೋಗವೆನಿಸುವ ಕಂಪವಾತದಿಂದ ಕೈನಡುಗುವ ಹಿರಿಯರುಳ್ಳ ಮನೆಯವರಿಗೆ ಈ ನಿಯಮದ ಕಾಠಿಣ್ಯವನ್ನು ವಿವರಿಸಬೇಕಾಗಿಲ್ಲ.

ಪ್ರಕೃತಿಯು ಈ ನಿಯಮಕ್ಕೊಂದು ಅಪವಾದವನ್ನು ನಮ್ಮ ಮೂಗಿನಲ್ಲಿಯೇ ಇರಿಸಿದೆ. ಅದರ ಮೇಲ್ಭಾಗದ ಒಳಪೊರೆಯಲ್ಲಿ ಗಂಧವನ್ನು ಗ್ರಹಿಸುವ ನರಕೋಶಗಳು ಸಾಯುತ್ತಲೂ, ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತಲೂ ಇರುವುವು. ಈ ವ್ಯಾಪಾರವು ವಾರ್ಧಕ್ಯದಲ್ಲಿಯೂ ನಿಲ್ಲದು. ಇವಕ್ಕೆ ಜನ್ಮವೀಯುವ ಮೂಲಕಣಗಳನ್ನು ಆಕರಕೋಶಗಳೆಂದೂ ಸ್ಟೆಮ್ ಸೆಲ್‌ಗಳೆಂದೂ ಕರೆಯುವರು. ರೋಗಿಯ ಸ್ವಂತ ಮೂಗಿನಿಂದಲೇ ಕಿಂಚಿತ್ ಪೊರೆಯನ್ನು ತೆಗೆದು ಇವನ್ನು ಬೆಳೆಸಬಹುದಾದುದರಿಂದ, ಪರರದೆಂದು ದೇಹವು ತಿರಸ್ಕರಿಸುವ ಭಯವೂ ಕಡಮೆ.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾನಿಲಯದಲ್ಲಿ ಅಲನ್ ಮೆಕೇ-ಸಿಮ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕಂಪವಾತದ ರೋಗಿಗಳ ಮೂಗಿನಿಂದ ಇಂತಹ ಕಣಗಳನ್ನು ಪಡೆದು, ಆ ರೋಗದಲ್ಲಿ ನಶಿಸುವ ನರಕೋಶಗಳನ್ನು ಮೊದಲೇ ನಾಶಪಡಿಸಿದ್ದ ಇಲಿಗಳ ಮಿದುಳಿನಲ್ಲಿ ನೆಟ್ಟರು. ಇಲಿಗಳ ಚಲನೆಯಲ್ಲಿ ಕಂಡಿದ್ದ ಎಡಬಲಗಳ ವೈಷಮ್ಯವು ತಗ್ಗಿತೆಂದು 2008ರಲ್ಲಿ ಪ್ರಕಟಿಸಿದರು.

ಇಲಿಯಿಂದ ಮನುಷ್ಯನವರೆಗಿನ ದಾರಿಯು ದೀರ್ಘವಾದುದು. ಮಿದುಳಿನ ಸೋದರವೆನ್ನಬಹುದಾದ ಬೆನ್ನುಹುರಿಯಲ್ಲಿ ಇದರ ಪರೀಕ್ಷೆಯು ನಡೆದಿದೆ. ಬ್ರಿಸ್ಬೇನ್ ನಗರದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಿದ್ದ ಮೂವರಿಗೆ ಅವರವರ ಮೂಗಿನಲ್ಲಿ ಘ್ರಾಣನರಗಳಿಗೆ ಹೊದಿಕೆಯಾಗಿರುವ ಕಣಗಳನ್ನು ಸೇರಿಸಿ, ಮೂರು ವರ್ಷ ಪರೀಕ್ಷಿಸಿದರು. ಹಾನಿಯೇನೂ ಕಾಣಲಿಲ್ಲ, ಕಾಲುಗಳಿಗೆ ಚಲನೆಯೂ ಮರಳಲಿಲ್ಲ. ಪೋರ್ಚುಗಲ್ ದೇಶದಲ್ಲಿ ಕಣಗಳನ್ನು ಬೇರ್ಪಡಿಸದೆ ಪೊರೆಯನ್ನೇ ಬೆನ್ನುಹುರಿಯಲ್ಲಿರಿಸಿಕೊಂಡ ಯುವತಿಯೊಬ್ಬಳಿಗೆ, ಎಂಟು ವರ್ಷಗಳ ತರುವಾಯ ಬೆನ್ನುನೋವು ತೋರಿತು. ಶಸ್ತ್ರವೈದ್ಯರು ನೋಡಲಾಗಿ ಅಲ್ಲೊಂದು ಗಂಟು ಬೆಳೆದು, ಸಿಂಬಳದಂತಹ ದ್ರವವನ್ನು ಸ್ರವಿಸುತ್ತಲಿತ್ತು! ಈ ವೃತ್ತಾಂತವು 2014ರಲ್ಲಿ ಪ್ರಕಟವಾಯಿತು. ಬೆಳೆಯುವ ಶಕ್ತಿಯುಳ್ಳ ಕಣವು ನಾವು ಬಯಸಿದುದಾಗಿಯೇ ಬೆಳೆಯುವುದೆಂಬ ಭರವಸೆಯಿಲ್ಲ.

ಆಸೆಯು ಸಲ್ಲದೆಂದು ನಾವು ಹೇಳುವುದಿಲ್ಲ. ಆಸೆಯನ್ನೇ ಸರಕಾಗಿ ಮಾರುವವರಿಗೆ ಗೃಹಸ್ಥರು ಮರುಳಾಗಬಾರದು. ರಕ್ತಸಂಬಂಧವಾದ ಕೆಲವು ರೋಗಗಳಲ್ಲಿ ಸಮ್ಮತವಾಗಿರುವ ಚಿಕಿತ್ಸೆಯನ್ನುಳಿದು, ಆಕರಕೋಶಗಳನ್ನು ಅನುಮೋದಿತ ಪ್ರಯೋಗಗಳ ಹೊರಗೆ ರೋಗಿಗಳಿಗೆ ಕೊಡಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಮಾರ್ಗಸೂಚಿಯು ವಿಧಿಸಿತು. ಆದುದರಿಂದ ಯಾರಾದರೂ ಇಂತಹ ಚಿಕಿತ್ಸೆಯನ್ನು ಸೂಚಿಸಿದರೆ, ಇದು ನೋಂದಾಯಿತ ಪ್ರಯೋಗವೇ, ಅನುಮತಿಯಿತ್ತವರು ಯಾರು, ಹಣವನ್ನೇಕೆ ಕೇಳುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಸ್ಪಷ್ಟವಾದ ಉತ್ತರ ದೊರೆಯುವವರೆಗೆ ಹೊಲಮನೆಗಳನ್ನು ಅಡವಿಡದಿರಿ. ಈಗ ನಡೆಯುತ್ತಿರುವ ಔಷಧೋಪಚಾರವನ್ನೂ ನಿಲ್ಲಿಸದಿರಿ.