ಚಟದ ಪುಸ್ತಕಗಳು ಮತ್ತು ನಮ್ಮ ಎಲೆ-ಅಡಿಕೆ ತಾಟು



ಮಳೆಗಾಲದಲ್ಲಿ ತೋಟದ ಕೆಲಸ ತುಸು ಸಡಿಲಾದಾಗ, ಮಗ ತಂದಿಟ್ಟಿದ್ದ ರೂಢಿ ಸುಧಾರಣೆಯ ಎರಡು ಪುಸ್ತಕಗಳನ್ನು ಓದಿದೆ. ಮೂವತ್ತು ವರ್ಷ ಎಲೆ-ಅಡಿಕೆಯ ಜೊತೆ ತಂಬಾಕು ಹಾಕಿದವನು ನಾನು. ಆದ್ದರಿಂದ ಓದಿದ್ದು ಸ್ವಂತ ಗರಜಿಗೆ.

ಜೇಮ್ಸ್ ಕ್ಲಿಯರ್ ಅವರ 2018ರ 'ಅಟಾಮಿಕ್ ಹ್ಯಾಬಿಟ್ಸ್' ದಿನಕ್ಕೆ ನೂರಕ್ಕೆ ಒಂದರಷ್ಟು ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಎನ್ನುತ್ತದೆ. ಆ ಗುಣಾಕಾರ ಮನುಷ್ಯನಿಗೆ ಒಗ್ಗೀತೆಂದು ನನಗೆ ಅನಿಸಲಿಲ್ಲ. ಆದರೆ ಬೋರ್ಡೊ ದ್ರಾವಣವೂ ನೂರಕ್ಕೆ ಒಂದೇ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನಕ್ಕೆ ಮತ್ತೊಮ್ಮೆ ಹೊಡೆದರೆ ಕೊಳೆರೋಗ ಹತೋಟಿಗೆ ಬರುತ್ತದೆ. ಸ್ವಲ್ಪವೇ ಆದರೂ ಹೊತ್ತಿಗೆ ಸರಿಯಾಗಿ, ತಪ್ಪದೆ ಮಾಡಬೇಕೆಂಬ ಮಾತು ಒಪ್ಪಿದೆ. ಚಟದ ವಸ್ತು ಕಣ್ಣಿಗೆ ಬೀಳಬಾರದೆಂಬ ಸಲಹೆಯಂತೆ ತಂಬಾಕಿನ ಚಂಚಿಯನ್ನು ಅಟ್ಟಕ್ಕೆ ಹಾಕಿದೆ.

ಇನ್ನೊಂದು, ಡಾ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅವರ 1960ರ ಪುಸ್ತಕ. ಹೊಸದಕ್ಕೆ ಮನಸ್ಸು ಒಗ್ಗಲು ಕನಿಷ್ಠ 21 ದಿನ ಬೇಕೆಂದರು ಅವರು. 'ಕನಿಷ್ಠ' ಎಂಬುದನ್ನು ಜನ ಮರೆತರು. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 66 ದಿನ. ಒಬ್ಬೊಬ್ಬರಿಗೆ 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡುವುದಿಲ್ಲವೆಂದೂ ಕಂಡುಬಂತು. ಅದೂ ಹೊಸ ರೂಢಿ ಕಟ್ಟುವ ಲೆಕ್ಕವೇ ಹೊರತು ಹಳೆಯ ಚಟ ಬಿಡುವುದಲ್ಲ.

ನಾನು ತಪ್ಪಿದ್ದು 22ನೆಯ ದಿನ, ಸವಣೂರಿನ ಒಂದು ಮದುವೆಯಲ್ಲಿ. ಬೀಗರು ತಾಟು ಮುಂದೆ ಹಿಡಿದರು. ಒಲ್ಲೆ ಎನ್ನುವುದು ಅವಮರ್ಯಾದೆ ಎನಿಸಿ ಕೈ ಮುಂದೆ ಹೋಯಿತು. ಈ ಪುಸ್ತಕಗಳ ಬಗ್ಗೆ ನನ್ನ ತಕರಾರು ಇದೇ: ಭಾರವನ್ನೆಲ್ಲ ಒಬ್ಬನ ಮನಸ್ಸಿನ ಮೇಲೆ ಹೊರಿಸುತ್ತವೆ. ನಮ್ಮಲ್ಲಿ ಚಟ ಮನೆತನದ ಮರ್ಯಾದೆಯ ರೂಪದಲ್ಲಿ ಬರುತ್ತದೆ.

ಇನ್ನೊಂದು ಕಹಿ ಮಾತು. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ನಮಗೆ ಇದು ನುಂಗಲಾರದ ತುತ್ತು. ಬೆಳೆಯ ಪ್ರಶ್ನೆ ಒಂದು ದಿನದಲ್ಲಿ ಬಗೆಹರಿಯುವುದಲ್ಲ. ಆದರೆ ತಂಬಾಕನ್ನು ಇಂದೇ ದೂರ ಇಡಬಹುದು.

ಆದ್ದರಿಂದ ನನ್ನ ಸೂಚನೆ ಇಷ್ಟೇ: ಬರುವ ಸರ್ವಸಾಧಾರಣ ಸಭೆಯಿಂದ ನಮ್ಮ ಸಂಘದ ತಾಟಿನಲ್ಲಿ ತಂಬಾಕು ಇಡಬಾರದು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಕಡೆಯ ಸದಸ್ಯರೂ ತಮ್ಮ ಮನೆಯ ಕಾರ್ಯಗಳಲ್ಲಿ ಇದನ್ನು ಪಾಲಿಸಲಿ.

ಮತ್ತೆ ಶುರು ಮಾಡಿ ನನಗೆ ಇಂದಿಗೆ 40 ದಿನ. ತಾಟು ಹಿಡಿಯುವವರ ಸಹಾಯವೂ ಬೇಕು.

— ಓರ್ವ ಸದಸ್ಯ, ಹಾನಗಲ್ಲ ತಾಲೂಕು