ಬೇಡವಾದ ಕೂಸಿಗೂ ಬದುಕುವ ಹಕ್ಕಿದೆ

2023ರ ಅಕ್ಟೋಬರ್ 10ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರೊಬ್ಬರು ಕೇಂದ್ರ ಸರ್ಕಾರದ ವಕೀಲರಿಗೆ ಒಂದು ಇ–ಮೇಲ್ ಕಳಿಸಿದರು. 26 ವಾರದ ಗರ್ಭವನ್ನು ತೆಗೆಯಲು ಸುಪ್ರೀಂ ಕೋರ್ಟ್ ಹಿಂದಿನ ದಿನವಷ್ಟೇ ಅನುಮತಿ ಕೊಟ್ಟಿತ್ತು. ಈ ಕೂಸು ಹೊರಬಂದರೆ ಬದುಕುವ ಸಂಭವ ಹೆಚ್ಚು. ಹಾಗಾದರೆ ಮೊದಲು ಅದರ ಹೃದಯ ಬಡಿತ ನಿಲ್ಲಿಸಬೇಕೇ, ಕೋರ್ಟೇ ಹೇಳಲಿ ಎಂಬುದು ವೈದ್ಯರ ಪ್ರಶ್ನೆ.

ಆ ಪ್ರಶ್ನೆಗೆ ನ್ಯಾಯಪೀಠ ಎರಡಾಗಿ ಒಡೆಯಿತು. ಬಡಿತ ನಿಲ್ಲಿಸಲು ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲವೆಂದು ನ್ಯಾಯಮೂರ್ತಿ ಹಿಮಾ ಕೊಹ್ಲಿ ಹಿಂದೆ ಸರಿದರು. ಆ ತಾಯಿಯ ತೀರ್ಮಾನವನ್ನು ಗೌರವಿಸಬೇಕೆಂದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮೊದಲಿನ ಆದೇಶಕ್ಕೇ ನಿಂತರು. ಪ್ರಕರಣ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಮೂವರ ಪೀಠಕ್ಕೆ ಹೋಯಿತು. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಕೂಸಿನಲ್ಲಿ ಊನವಿಲ್ಲ, ಕಾನೂನಿನ 24 ವಾರದ ಗಡುವು ಮೀರಿದೆ ಎಂದು ಆ ಪೀಠ ಅಕ್ಟೋಬರ್ 16ರಂದು ಅನುಮತಿ ನಿರಾಕರಿಸಿತು. ಚಿಕಿತ್ಸೆಯ ಖರ್ಚು ಸರ್ಕಾರದ್ದು, ಮಗುವನ್ನು ದತ್ತು ಕೊಡುವುದಾದರೆ ಆ ತೀರ್ಮಾನ ಹೆತ್ತವರದು ಎಂದೂ ಹೇಳಿತು.

ಆ ಹೆಣ್ಣುಮಗಳ ಸಂಕಟವನ್ನು ನಾನು ಹಗುರ ಮಾಡಲಾರೆ. 27 ವಯಸ್ಸು, ಇಬ್ಬರು ಮಕ್ಕಳು, ಎರಡನೆಯ ಹೆರಿಗೆಯ ನಂತರ ಬಂದ ಮನೋವ್ಯಾಧಿ. ಹಾಲುಣಿಸುತ್ತಿದ್ದ ದಿನಗಳಾದ್ದರಿಂದ ಮತ್ತೆ ಬಸುರಾದದ್ದು ತಿಳಿಯುವಾಗ ತಿಂಗಳುಗಳೇ ಕಳೆದಿದ್ದವು. ಆದರೂ ಆ ಇ–ಮೇಲ್ ದೇಶದ ಮುಂದಿಟ್ಟ ಸತ್ಯವನ್ನು ಯಾರೂ ಅಳಿಸಲಾಗದು. ಅಲ್ಲಿ ಇಬ್ಬರಿದ್ದರು. ಆಯ್ಕೆ, ಹಕ್ಕು, ಸೇವೆ ಎಂಬ ಮಾತುಗಳ ಹಿಂದೆ ಮರೆಯಾಗಿದ್ದ ಎರಡನೆಯ ಜೀವವನ್ನು ಆ ವೈದ್ಯರು ಕೋರ್ಟಿನ ಕಣ್ಣಿಗೆ ತಂದರು. ಆ ಜೀವದ ಪರವಾಗಿ ಬರೆಯುತ್ತಿದ್ದೇನೆ, ಕ್ರೈಸ್ತನೆಂದು ಹೇಳಿಕೊಂಡೇ ಬರೆಯುತ್ತಿದ್ದೇನೆ.

ಪ್ರತಿ ಭಾನುವಾರ ಚರ್ಚಿನಲ್ಲಿ ಎದ್ದುನಿಂತು ನಾವು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಅದರ ಪ್ರಕಾರ ದೇವರ ಮಗ ಮನುಷ್ಯನಾದದ್ದು ಗೋದಲಿಗೆ ಬರುವ ಮುಂಚೆ, ಮಾತೆ ಮರಿಯಮ್ಮನವರ ಗರ್ಭದಲ್ಲಿ. ಅದಕ್ಕೇ ಕ್ರಿಸ್ಮಸ್‌ಗೆ ಸರಿಯಾಗಿ ಒಂಬತ್ತು ತಿಂಗಳು ಮುಂಚೆ, ಮಾರ್ಚ್ 25ರಂದು ನಮಗೆ ಹಬ್ಬ. ಲೂಕನ ಸುವಾರ್ತೆಯಲ್ಲಿ ಯೇಸುಸ್ವಾಮಿಯನ್ನು ಮೊದಲು ಗುರುತಿಸಿ ನಲಿದವನು ಮರಿಯಮ್ಮನವರ ಬಂಧು ಎಲಿಜಬೇತಳ ಹೊಟ್ಟೆಯಲ್ಲಿದ್ದ ಆರು ತಿಂಗಳ ಶಿಶು. ಇದನ್ನು ನಂಬುವವರು ಗರ್ಭದ ಶಿಶುವನ್ನು ಬರೀ ಮಾಂಸದ ಮುದ್ದೆ ಎಂದು ಒಪ್ಪುವುದು ಹೇಗೆ?

ಇದು ಇತ್ತೀಚೆಗೆ ಯಾವುದೋ ಪಶ್ಚಿಮದ ರಾಜಕೀಯ ಪಕ್ಷದಿಂದ ಕಡ ತಂದ ಮಾತೆಂದು ಕೆಲವರು ಹೇಳುತ್ತಾರೆ. ಚರಿತ್ರೆ ಬೇರೆಯೇ ಇದೆ. ರೋಮನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಕೂಸನ್ನು ಸಾಕುವುದೋ ಬಿಸಾಡುವುದೋ ಎಂಬುದು ಮನೆಯ ಯಜಮಾನನ ಇಚ್ಛೆ. ಹೆಣ್ಣು ಕೂಸು, ಅಂಗವಿಕಲ ಕೂಸು ಬೀದಿಯ ಪಾಲಾಗುತ್ತಿದ್ದವು. ಆ ಕಾಲದಲ್ಲಿ, ಕೈಯಲ್ಲಿ ಯಾವ ಅಧಿಕಾರವೂ ಇಲ್ಲದ ಕ್ರೈಸ್ತರು ಶಿಶುಹತ್ಯೆ, ಗರ್ಭಪಾತ ಎರಡನ್ನೂ ತಮ್ಮವರಿಗೆ ನಿಷೇಧಿಸಿದರು. ಧರ್ಮಸಭೆಯ ಅತ್ಯಂತ ಹಳೆಯ ಬರಹಗಳಲ್ಲೊಂದಾದ ‘ದಿದಾಖೆ’ಯಲ್ಲಿ ಈ ನಿಷೇಧವಿದೆ, ಎರಡನೆಯ ಶತಮಾನದ ಕೊನೆಗೆ ಕ್ರೈಸ್ತ ಲೇಖಕ ತೆರ್ತುಲಿಯನ್ ಅದನ್ನೇ ಸಾಮ್ರಾಜ್ಯದ ಅಧಿಕಾರಿಗಳ ಮುಂದೆ ವಾದಿಸಿದ. ಬಲವುಳ್ಳವರ ಇಚ್ಛೆಗಿಂತ ಬಲವಿಲ್ಲದವರ ಜೀವ ದೊಡ್ಡದು ಎಂಬುದೇ ಅಂದಿನ ಸಾಕ್ಷ್ಯ, ಇಂದಿನದೂ ಅದೇ.

‘ನಿಮ್ಮ ಧರ್ಮ ನಿಮ್ಮ ಮನೆಯಲ್ಲಿರಲಿ, ಕಾನೂನಿಗೆ ತರಬೇಡಿ’ ಎನ್ನುವವರಿಗೆ ಒಂದು ಮಾತು. ಹನ್ನೆರಡನೆಯ ಶತಮಾನದ ಶರಣರು ಜಾತಿಯನ್ನು ಎದುರಿಸಿದ್ದು ತಮ್ಮ ಭಕ್ತಿಯನ್ನು ಬದಿಗಿಟ್ಟಲ್ಲ. ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ನಿಂತ ಮಾರ್ಟಿನ್ ಲೂಥರ್ ಕಿಂಗ್ ಒಬ್ಬ ಪಾದ್ರಿ. ಅವರ ಮಾತು ನ್ಯಾಯವೇ ಎಂದು ಲೋಕ ಕೇಳಿತು. ನನ್ನ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಬೈಬಲ್ಲನ್ನು ಒಪ್ಪಬೇಕಿಲ್ಲ, ನಮ್ಮ ಕಾನೂನನ್ನೇ ತೆರೆದು ನೋಡಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮಿನಂತೆ, ತಂದೆ ತೀರಿಕೊಂಡಾಗ ತಾಯಿಯ ಹೊಟ್ಟೆಯಲ್ಲಿದ್ದ ಮಗು ಮುಂದೆ ಜೀವಂತ ಹುಟ್ಟಿದರೆ ಅದಕ್ಕೂ ಆಸ್ತಿಯಲ್ಲಿ ಪಾಲು. ಗರ್ಭಿಣಿಗೆ ಮರಣದಂಡನೆ ಜಾರಿ ಮಾಡುವಂತಿಲ್ಲ. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಬಸುರಿಯ ಕೈಯಲ್ಲೊಂದು ತಾಯಿ ಕಾರ್ಡ್ ಇರುತ್ತದೆ. ಕೊನೆಯ ಮುಟ್ಟಿನ ದಿನ, ಹೆರಿಗೆಯ ಅಂದಾಜು ದಿನ, ತೂಕ, ರಕ್ತದ ಪ್ರಮಾಣ, ಧನುರ್ವಾಯು ಚುಚ್ಚುಮದ್ದು, ಎಲ್ಲವನ್ನೂ ಆಶಾ ಕಾರ್ಯಕರ್ತೆ, ನರ್ಸಮ್ಮ ಸೇರಿ ತುಂಬಿಸುತ್ತಾರೆ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಊಟ, ಮೊಟ್ಟೆ, ಹಾಲು. ಇದೆಲ್ಲ ತಾಯಿಗೂ ಬೇಕು, ಒಳಗಿರುವ ಜೀವಕ್ಕೂ ಬೇಕು ಎಂದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಬೇಕೆಂದು ಬಂದ ಕೂಸನ್ನು ಮೊದಲ ತಿಂಗಳಿಂದ ಲೆಕ್ಕಕ್ಕೆ ಹಿಡಿಯುವ ರಾಜ್ಯ, ಬೇಡವಾಗಿ ಬಂದ ಕೂಸು ಲೆಕ್ಕಕ್ಕೇ ಇಲ್ಲವೆಂದರೆ ಅದು ಯಾವ ನ್ಯಾಯ?

2023ರ ಕೊನೆಗೆ ಮಂಡ್ಯದ ಆಲೆಮನೆಯ ಸುದ್ದಿ ಹೊರಬಿದ್ದಾಗ ರಾಜ್ಯವೇ ಬೆಚ್ಚಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. ಹೆಣ್ಣೆಂದು ಗೊತ್ತಾದರೆ ಗರ್ಭ ತೆಗೆಯಲು ಬೇರೆ ಏರ್ಪಾಡು. ಮೂರು ವರ್ಷಗಳಲ್ಲಿ ಸುಮಾರು 900 ಭ್ರೂಣಗಳು ಹೀಗೆ ಹೋದವೆಂದು ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಎಡ, ಬಲ, ಮಹಿಳಾ ಸಂಘಟನೆ, ಮಠ, ಚರ್ಚ್ ಎಲ್ಲರೂ ಖಂಡಿಸಿದೆವು. ಖಂಡಿಸಬೇಕಾದದ್ದೇ. ಆದರೆ ಆ ಸಿಟ್ಟಿನ ಬುಡದಲ್ಲಿ ಏನಿತ್ತು?

ಹೆಣ್ಣುಕುಲಕ್ಕೆ ಮಾಡಿದ ತಾರತಮ್ಯವೇ ಅಲ್ಲಿನ ಅಪರಾಧ ಎಂದು ಪ್ರಗತಿಪರ ಗೆಳೆಯರು ಹೇಳುತ್ತಾರೆ. ಒಪ್ಪಿದೆ. 1991ರಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದ ದೇಶದಲ್ಲಿ 2001ಕ್ಕೆ 927 ಆಗಿ, 2011ಕ್ಕೆ ಇನ್ನೂ ಇಳಿಯಿತು. ಹೆಣ್ಣಿನ ಬಗೆಗಿನ ತಾತ್ಸಾರ ಬರೆದ ಅಂಕಿಗಳಿವು. ಆದರೆ ತಾರತಮ್ಯ ಆಗುವುದು ಯಾರಾದರೊಬ್ಬರಿಗೆ. ಆ ಆಲೆಮನೆಯ ಯಂತ್ರದ ಪರದೆಯಲ್ಲಿ ಕಂಡದ್ದು ಯಾರೂ ಅಲ್ಲವೆಂದಾದರೆ ಅನ್ಯಾಯ ಆದದ್ದು ಯಾರಿಗೆ? ಅದು ಒಬ್ಬಳು ಮಗಳು ಎಂದು ಒಪ್ಪಿದರೆ ಮಾತ್ರ ನಮ್ಮ ಸಿಟ್ಟಿಗೆ ಅರ್ಥವಿದೆ. ಹಾಗೆ ಒಪ್ಪಿದ ಮೇಲೆ, ಅಷ್ಟೇ ವಾರ ತುಂಬಿದ ಮತ್ತೊಂದು ಕೂಸು ಪರವಾನಗಿ ಇರುವ ಆಸ್ಪತ್ರೆಯಲ್ಲಿ, ಬೇರೊಂದು ಕಾರಣಕ್ಕೆ ಹೋದಾಗ ಸುಮ್ಮನಿರುವುದು ಹೇಗೆ? ಕೊಂದವರ ಕಾರಣ ನೋಡಿ ಸತ್ತವರ ಬೆಲೆ ಕಟ್ಟಲಾಗದು.

‘ಸವಿತಾಳನ್ನು ಮರೆತಿರಾ?’ ಎಂದು ಕೇಳುವವರಿಗೆ ಕನ್ನಡದಲ್ಲಿ ಬರೆಯುವ ಕ್ರೈಸ್ತ ಉತ್ತರ ಕೊಡಲೇಬೇಕು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. 31 ವಯಸ್ಸು, 17 ವಾರದ ಗರ್ಭ. ಅದು ಉಳಿಯುವುದಿಲ್ಲವೆಂದು ವೈದ್ಯರಿಗೇ ಗೊತ್ತಿತ್ತು. ಗರ್ಭ ತೆಗೆಯಿರೆಂದು ಸವಿತಾ ಕೇಳಿದಾಗ, ಕೂಸಿನ ಹೃದಯ ಬಡಿಯುತ್ತಿದೆ ಎಂದು ವೈದ್ಯರು ಕಾದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಅವರು ಹಾಸಿಗೆಯಲ್ಲಿ ಕೇಳಬೇಕಾಯಿತು. ನಂಜನ್ನು ಸಕಾಲದಲ್ಲಿ ಗುರುತಿಸಲಿಲ್ಲ, ಬಡಿತ ನಿಲ್ಲುವವರೆಗೆ ಕೈಹಾಕಬಾರದೆಂಬುದಕ್ಕೆ ಅತಿಯಾದ ಒತ್ತು ಕೊಟ್ಟರು ಎಂದು ಅಲ್ಲಿನ ವಿಚಾರಣಾ ವರದಿಯೇ ಹೇಳಿತು. 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಜನ ಶೇ 66ರಷ್ಟು ಮತಗಳಿಂದ ಗರ್ಭಪಾತ ನಿಷೇಧದ ಸಂವಿಧಾನ ತಿದ್ದುಪಡಿಯನ್ನು ತೆಗೆದುಹಾಕಿದರು.

ಸವಿತಾ ಅವರಿಗೆ ಆದದ್ದು ಅನ್ಯಾಯ. ಅದಕ್ಕೆ ನನ್ನ ಧರ್ಮದ ಹೆಸರು ಅಂಟಿತು ಎಂಬುದು ನನ್ನ ನೋವು. ಕೂಸನ್ನು ಉಳಿಸಲು ದಾರಿಯೇ ಇಲ್ಲದಾಗ, ತಾಯಿಯ ಪ್ರಾಣಕ್ಕೆ ಕುತ್ತು ಬಂದಾಗ, ಅವಳ ರೋಗಕ್ಕೆ ಬೇಕಾದ ಚಿಕಿತ್ಸೆಯನ್ನು ತಡೆಹಿಡಿಯಿರೆಂದು ನನ್ನ ಧರ್ಮಸಭೆ ಕಲಿಸುವುದಿಲ್ಲ. ಆ ಚಿಕಿತ್ಸೆಯಿಂದ ಕೂಸು ಉಳಿಯದೆಂದು ಗೊತ್ತಿದ್ದರೂ ತಾಯಿಯನ್ನು ಉಳಿಸಬೇಕು. ಎರಡು ಜೀವವನ್ನೂ ಸಾಯಬಿಟ್ಟು ಜೀವಪರ ಎಂದು ಹೇಳಿಕೊಳ್ಳುವವರ ಜೊತೆ ನಾನಿಲ್ಲ. ಆದರೆ ಸವಿತಾರ ಸಾವನ್ನು ಮುಂದಿಟ್ಟು, ತಾಯಿಗೆ ಯಾವ ಅಪಾಯವೂ ಇಲ್ಲದ ಲಕ್ಷಾಂತರ ಗರ್ಭಪಾತಗಳಿಗೆ ಒಪ್ಪಿಗೆ ಕೇಳುವುದೂ ಸರಿಯಲ್ಲ.

ನಮ್ಮಲ್ಲಿ ಆಗುತ್ತಿರುವುದು ಅದೇ. ‘ಲಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ 2015ರ ಒಂದೇ ವರ್ಷ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು. ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ. ಇದೆಲ್ಲ ಹೆಣ್ಣಿನ ಆಯ್ಕೆಯೇ? ಮದುವೆಗೆ ಮುಂಚೆ ಬಸುರಾದ ಹುಡುಗಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟು ಫೋನ್ ಸ್ವಿಚ್ ಆಫ್ ಮಾಡುವ ಹುಡುಗ, ಎರಡನೆಯದೂ ಹೆಣ್ಣಾದರೆ ತವರಿಗೆ ಹೋಗು ಎನ್ನುವ ಅತ್ತೆ, ಬಾಣಂತನಕ್ಕೆ ರಜೆ ಕೇಳಿದರೆ ಕೆಲಸವೇ ಇಲ್ಲ ಎನ್ನುವ ಧಣಿ: ಇವರೆಲ್ಲ ತೀರ್ಮಾನ ಮಾಡಿ ಮುಗಿಸಿದ ಮೇಲೆ ಅವಳ ಪಾಲಿಗೆ ಉಳಿಯುವುದನ್ನು ನಾವು ಸ್ವಾತಂತ್ರ್ಯ ಎನ್ನುತ್ತೇವೆ.

ಗರ್ಭಪಾತಕ್ಕೆ ಕಾನೂನಿನ ಅವಕಾಶ ಕೊಟ್ಟ 1971ರ ಕಾಯ್ದೆ ಬಂದದ್ದು ಕಳ್ಳ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದಾರೆಂಬ ನಿಜವಾದ ಕಾಳಜಿಯಿಂದ. ಅದೇ ಹೊತ್ತಿಗೆ ಜನಸಂಖ್ಯೆಯ ಭಯವೂ ದೇಶವನ್ನು ಆವರಿಸಿತ್ತು. 2021ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಕೂಸಿನಲ್ಲಿ ಗಣನೀಯ ಊನವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಈಗ ವಾರಗಳ ಮಿತಿಯೇ ಇಲ್ಲ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ತಂದ ಸಂಸತ್ತು, ಐದೇ ವರ್ಷದಲ್ಲಿ, ಹುಟ್ಟುವ ಮುಂಚೆ ಅಂಗವಿಕಲನ ಜೀವಕ್ಕೆ ಕಡಿಮೆ ರಕ್ಷಣೆ ಸಾಕು ಎಂದಿತು. ಡೌನ್ ಸಿಂಡ್ರೋಮ್ ಇರುವ ಮಗುವನ್ನು ಎದೆಗೊತ್ತಿ ಸಾಕುತ್ತಿರುವ ಸಾವಿರಾರು ತಂದೆತಾಯಂದಿರ ಮುಂದೆ ನಿಂತು ಈ ಕಲಮನ್ನು ಓದಿ ಹೇಳುವ ಧೈರ್ಯ ಯಾರಿಗಿದೆ?

ಆದ್ದರಿಂದ ಸರ್ಕಾರದ ಮುಂದೆ ಮೂರು ಬೇಡಿಕೆ. ಊನವೊಂದೇ ಕಾರಣಕ್ಕೆ ವಾರದ ಮಿತಿ ಸಡಿಲಿಸುವ ಕಲಮನ್ನು ತೆಗೆಯಿರಿ. ಗರ್ಭಪಾತ ಮಾಡಲು ಮನಸ್ಸಾಕ್ಷಿ ಒಪ್ಪದ ವೈದ್ಯರು, ನರ್ಸ್‌ಗಳು ಹಿಂದೆ ಸರಿಯಲು ಬ್ರಿಟನ್ನಿನ 1967ರ ಕಾಯ್ದೆಯಲ್ಲೇ ಅವಕಾಶವಿದೆ, ನಮ್ಮ ಕಾಯ್ದೆಯಲ್ಲಿಲ್ಲ, ಅದನ್ನು ಸೇರಿಸಿ. ಗರ್ಭಪಾತ ಮಾಡಿಸಿಕೊಂಡ ಹೆಣ್ಣನ್ನೇ ಅಪರಾಧಿಯಾಗಿಸುವ ಮಾತು ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿದೆ, ಅದನ್ನು ಅಳಿಸಿಹಾಕಿ. ಕೂಸಿನ ಜೀವ ಉಳಿಸಲು ತಾಯಿಯನ್ನು ಜೈಲಿಗೆ ಕಳಿಸಬೇಕಿಲ್ಲ. ಶಿಕ್ಷೆ ಆಗಬೇಕಾದದ್ದು ಅವಳನ್ನು ಬಲವಂತ ಮಾಡಿದವರಿಗೆ, ಅವಳ ಸಂಕಟದಲ್ಲಿ ದುಡ್ಡು ಮಾಡಿದವರಿಗೆ.

ಇನ್ನುಳಿದದ್ದು ನಮ್ಮವರಿಗೆ ಹೇಳಬೇಕಾದ ಮಾತು. ಮದರ್ ತೆರೇಸಾ 1979ರಲ್ಲಿ ಓಸ್ಲೋದಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದು, ಆ ವೇದಿಕೆಯಲ್ಲೇ ಗರ್ಭಪಾತದ ವಿರುದ್ಧ ಮಾತಾಡಿದರು. ಆ ಮಾತಿಗೆ ತೂಕ ಬಂದದ್ದು ಕೋಲ್ಕತ್ತದ ಶಿಶುಭವನದ ತೊಟ್ಟಿಲುಗಳಿಂದ. ನಮ್ಮ ಧರ್ಮಕೇಂದ್ರಗಳಲ್ಲಿ ಅಂಥ ತೂಕ ಇದೆಯೇ? ಪೀಠದ ಮೇಲಿಂದ ಗರ್ಭಪಾತ ಪಾಪ ಎಂದು ಕೇಳಿಸಿಕೊಂಡು ಹೊರಬಂದವರೇ, ಮದುವೆಯಾಗದೆ ಬಸುರಾದ ನೆರೆಮನೆಯ ಹುಡುಗಿಯ ಬಗ್ಗೆ ಅಂಗಳದಲ್ಲಿ ಗುಸುಗುಸು ಮಾತಾಡುತ್ತಾರೆ. ಆ ಗುಸುಗುಸುವೇ ಎಷ್ಟೋ ಹುಡುಗಿಯರನ್ನು ಮಾತ್ರೆಯ ಕಡೆಗೆ ತಳ್ಳಿದೆ. ನಮ್ಮ ಶಾಲೆಗಳು ಗರ್ಭಿಣಿ ಟೀಚರನ್ನು, ನಮ್ಮ ಮನೆಗಳು ಕೆಲಸದ ಹೆಂಗಸನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದೂ ಜೀವದ ಪ್ರಶ್ನೆಯೇ.

ಪ್ರತಿ ಧರ್ಮಕೇಂದ್ರದಲ್ಲೂ ಇಂಥ ಹೆಣ್ಣುಮಗಳು ಹೆದರದೆ ಬಂದು ತಟ್ಟಬಹುದಾದ ಒಂದು ಬಾಗಿಲು ಇರಬೇಕು. ಹೆರಿಗೆಯವರೆಗೆ ಇರಲು ಜಾಗ, ಆಸ್ಪತ್ರೆಯ ಖರ್ಚು, ಮನೋವೈದ್ಯರ ನೆರವು, ಬಾಣಂತನ, ಮತ್ತೆ ಕಾಲೇಜಿಗೋ ಕೆಲಸಕ್ಕೋ ಮರಳುವ ದಾರಿ, ಇಷ್ಟನ್ನೂ ನಾವೇ ಹೊರಬೇಕು. ಸಾಕಲಾಗದು ಎಂದವಳಿಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದೆಂದು, ಆಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಇದೆಯೆಂದು ತಿಳಿಸಿ ಹೇಳುವವರು ಬೇಕು. ದತ್ತು ಮಗುವಿಗಾಗಿ ಈ ದೇಶದಲ್ಲಿ 30,000ಕ್ಕೂ ಹೆಚ್ಚು ದಂಪತಿಗಳು ಸರದಿಯಲ್ಲಿದ್ದಾರೆ. ಬೇಡವಾದ ಕೂಸು ಎಂದು ನಾವು ಕರೆಯುವುದು ಒಂದು ಮನೆಯ ಮಟ್ಟಿಗೆ ಮಾತ್ರ ನಿಜ.

ಈ ಹೊರೆ ಹೊರಲು ಸಿದ್ಧರಿಲ್ಲದವರು ಜೀವದ ಪಾವಿತ್ರ್ಯದ ಬಗ್ಗೆ ಭಾಷಣ ಮಾಡುವುದು ಬೇಡ. ಹೊರುವವರ ಬಾಯನ್ನು ಧರ್ಮದ ಹೆಸರು ಹೇಳಿ ಯಾರೂ ಮುಚ್ಚಿಸುವುದೂ ಬೇಡ. ಮುಂದಿನ ಸಲ ಕೋರ್ಟಿನ ಮುಂದೆ ಅದೇ ಪ್ರಶ್ನೆ ಬಂದಾಗ, ಮತ್ತೆ ಬಂದೇ ಬರುತ್ತದೆ, ಆ ತಾಯಿಗೆ ಬಡಿತ ನಿಲ್ಲಿಸುವುದಕ್ಕಿಂತ ಒಳ್ಳೆಯ ದಾರಿಯೊಂದನ್ನು ತೋರಿಸಲು ನಾವು ಕೋರ್ಟಿನ ಬಾಗಿಲಲ್ಲೇ ಇರಬೇಕು. ಕ್ರಿಸ್ತನನ್ನು ಒಪ್ಪಿಕೊಂಡವರ ಕೆಲಸ ಅದು.